ಪದಚರ್ಚೆ: ‘ರನ್’ ಎಲ್ಲೆಲ್ಲಿ ‘ಓಡು’ ಆಗುವುದಿಲ್ಲ

ಪ್ರಶ್ನೆ: ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ಇಂಗ್ಲಿಷ್ ಕೈಪಿಡಿಯನ್ನು ತೀರ್ಥಹಳ್ಳಿ, ಸಾಗರದ ಕಡೆಯ ಬೆಳೆಗಾರರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಪುಟಪುಟದಲ್ಲೂ ‘ರನ್’ ಇದೆ. ಎಲ್ಲ ಕಡೆ ‘ಚಲಾಯಿಸು’ ಎಂದು ಬರೆದರೆ ಸಾಕೇ?

ಉತ್ತರ: ಸಾಲದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಪೀಟರ್ ಗಿಲಿವರ್ ಈ ಪದವನ್ನು ಪರಿಷ್ಕರಿಸಿದಾಗ ಕ್ರಿಯಾಪದಕ್ಕೇ 645 ಅರ್ಥ ಸಿಕ್ಕವು. 1989ರ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥವಿರುವ ಪದವೆಂಬ ಹಿರಿತನ ‘ಸೆಟ್’ಗಿತ್ತು. ಗಿರಣಿ, ರೈಲು, ಮೋಟರು, ಕಂಪ್ಯೂಟರು ಒಂದೊಂದು ಬಂದಾಗಲೂ ಇಂಗ್ಲಿಷಿನವರು ‘ರನ್’ ಅನ್ನೇ ದುಡಿಸಿಕೊಂಡರು. ಕನ್ನಡದಲ್ಲಿ ಆ ಕೆಲಸ ಹಲವು ಕ್ರಿಯಾಪದಗಳಿಗೆ ಹಂಚಿಹೋಗಿದೆ. ಯಾವುದನ್ನು ಆರಿಸಬೇಕೆಂದು ತಿಳಿಯಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಚಲಿಸುತ್ತಿರುವುದು ಏನು? ಅದನ್ನು ಹಿಡಿದಿಟ್ಟು ಬಿಡುವವರು ಯಾರಾದರೂ ಇದ್ದಾರೆಯೇ?

ಇಂಜಿನ್ನಿಗೆ, ಪಂಪಿಗೆ ‘ಓಡು, ಓಡಿಸು’ ಸರಿ. ತೋಟದಲ್ಲಿ ಜನ ಆಡುವುದೂ ಅದೇ. ‘ಚಲಾಯಿಸು’ ಎಂಬುದು ಮತಕ್ಕೆ, ಅಧಿಕಾರಕ್ಕೆ, ವಾಹನಕ್ಕೆ ಒಗ್ಗಿದ ಕಚೇರಿಯ ಪದ. ಕೆಲಸದ ಕೈಪಿಡಿಯಲ್ಲಿ ಅದನ್ನು ನಾನು ಬಳಸುವುದಿಲ್ಲ.

ಎಡವುವುದು ನೀರಿನ ವಿಷಯದಲ್ಲಿ. ಸಿಂಪಡಣೆ ಮುಗಿದ ಮೇಲೆ ಪಂಪಿನೊಳಗೆ ಶುದ್ಧ ನೀರನ್ನು ‘ರನ್’ ಮಾಡಿ ಎಂದಿರುತ್ತದೆ. ‘ನೀರು ಓಡಿಸಿ’ ಎಂದರೆ ಮಂಗ ಓಡಿಸಿದಂತೆ ಅಟ್ಟುವ ಅರ್ಥ ಇಣುಕುತ್ತದೆ. ‘ಒಳ್ಳೆ ನೀರು ಬಿಟ್ಟು ತೊಳೆಯಿರಿ’ ಎಂದು ಬರೆಯಿರಿ. ಈ ವಾಕ್ಯ ತಪ್ಪಿದರೆ ನಷ್ಟವಿದೆ: ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಇರುತ್ತದೆ. ತೊಳೆಯದೆ ಇಟ್ಟರೆ ಸುಣ್ಣ ಪೈಪಿನೊಳಗೆ ಒಣಗಿ, ಮುಂದಿನ ಸಲ ನಾಜಲ್ ಕಟ್ಟುತ್ತದೆ.

‘ಡ್ರೈ ರನ್’ಗೆ ಎರಡು ಮುಖ. ನಾಟಕ, ಕಾರ್ಯಕ್ರಮಗಳಲ್ಲಿ ಅದು ತಾಲೀಮು. ಪಂಪಿನಲ್ಲಿ ಅದು ದ್ರವವಿಲ್ಲದೆ ಓಡುವುದು. ‘ಒಣ ಓಟ’ ಎಂದು ಬರೆದರೆ ಯಾರಿಗೂ ತಿಳಿಯದು. ‘ನೀರಿಲ್ಲದೆ ಪಂಪ್ ಓಡಿಸಬೇಡಿ’ ಎನ್ನಿ. ಸೀಲು, ಪ್ಯಾಕಿಂಗ್‌ಗಳನ್ನು ತಂಪಾಗಿಡುವುದು ಒಳಗಿನ ದ್ರವವೇ. ಅದಿಲ್ಲದಿದ್ದರೆ ಅವು ಕಾದು ಸವೆದು ಸೋರಲು ಶುರುವಾಗುತ್ತವೆ.

‘ರನ್-ಆಫ್’ ಆಗುವವರೆಗೆ ಸಿಂಪಡಿಸಿ ಎಂಬಲ್ಲಿ ‘ಹರಿಯುವವರೆಗೆ’ ಎಂದು ಹಾಕಬೇಡಿ. ಹರಿಯುವುದೆಂದರೆ ಧಾರೆಯಾಗಿ ಇಳಿಯುವುದು. ಅಷ್ಟು ಹೊಡೆದರೆ ಔಷಧಿ ನೆಲದ ಪಾಲು. ‘ಅಡಿಕೆ ಗೊನೆಯಿಂದ ತೊಟ್ಟಿಕ್ಕಲು ಶುರುವಾಗುವವರೆಗೆ’ ಎಂದರೆ ಅಳತೆ ಸರಿಯಾಗಿ ಸಿಗುತ್ತದೆ.

ಮೇಲೆ ನೀರಿಗೆ ಬಳಸಿದ ‘ಬಿಡು’ವಿನ ಹರವನ್ನು ಅನುವಾದಕರು ಮರೆಯುತ್ತಾರೆ. ಜಾತ್ರೆಗೆ ಹೆಚ್ಚುವರಿ ಬಸ್ಸು ಬಿಡುತ್ತಾರೆ, ಭದ್ರಾ ನಾಲೆಗೆ ನೀರು ಬಿಡುತ್ತಾರೆ, ಹೊಸ ಸೀರೆ ಬಣ್ಣ ಬಿಡುತ್ತದೆ. ಮೂರಕ್ಕೂ ಇಂಗ್ಲಿಷಿನಲ್ಲಿ ‘ರನ್’ ನಡೆಯುತ್ತದೆ. ಆದರೆ ಶಿವಮೊಗ್ಗ–ತಾಳಗುಪ್ಪ ನಡುವೆ ರೈಲು ದಿನವೂ ಹೋಗಿಬಂದು ಮಾಡುವುದಕ್ಕೆ ‘ಓಡಾಡು’ ಬೇಕು; ಬರೀ ‘ಓಡು’ವಿನಲ್ಲಿ ಹಿಂತಿರುಗುವ ಮಾತಿಲ್ಲ.

ಹಳಗನ್ನಡದಲ್ಲಿ ‘ಪರಿ’ ಎಂದರೆ ಓಡುವುದೂ ಹೌದು, ಹರಿಯುವುದೂ ಹೌದು. ಪಕಾರ ಹಕಾರವಾಗಿ ಅದು ‘ಹರಿ’ಯಾಯಿತು. ಈಗ ತುಂಗೆ ಹರಿಯುತ್ತಾಳೆ, ಹಾವು ಹರಿಯುತ್ತದೆ, ಕಣ್ಣು ಹರಿಯುತ್ತದೆ. ಮನುಷ್ಯನ ಓಟ ಮಾತ್ರ ಅದರಿಂದ ಬಿಟ್ಟುಹೋಗಿದೆ. ಬಟ್ಟೆ ಹರಿಯುವುದು ಬೇರೆಯೇ ಪದ: ಅದರ ಹಳೆಯ ರೂಪ ಶಕಟರೇಫವಿದ್ದ (ಹಳೆಯ ‘ಱ’ ಅಕ್ಷರವಿದ್ದ) ‘ಪಱಿ’. ಱಕಾರ ರಕಾರದಲ್ಲಿ ಕರಗಿದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು.

ಅಲುಗಾಡದ ವಸ್ತುಗಳಿಗೆ ಓಟ ಹೊಂದುವುದಿಲ್ಲ. ಬಿ.ಎಚ್. ರಸ್ತೆ ಬೆಂಗಳೂರಿನಿಂದ ಹೊನ್ನಾವರಕ್ಕೆ ‘ಹೋಗುತ್ತದೆ’, ತಂತಿ ‘ಎಳೆದಿರುತ್ತಾರೆ’, ಮೆಣಸಿನ ಬಳ್ಳಿ ‘ಹಬ್ಬುತ್ತದೆ’. ಮೂಗು ಸೋರುತ್ತದೆ, ಸಂಘ ನಡೆಸುತ್ತಾರೆ, ಸಿನಿಮಾ ಓಡುತ್ತದೆ. ಚುನಾವಣೆಗಂತೂ ‘ನಿಲ್ಲುತ್ತಾರೆ’. ಕ್ರಿಕೆಟ್ಟಿನ ರನ್ ರನ್ನೇ ಇರಲಿ.

ನಿಮ್ಮ ಕೈಪಿಡಿಯಲ್ಲಿ ಆಯಿಲ್ ಬದಲಿಸುವ ಲೆಕ್ಕಕ್ಕೆ ‘ರನ್ನಿಂಗ್ ಅವರ್ಸ್’ ಬಂದೇ ಬರುತ್ತದೆ. ಅದನ್ನು ‘ಬಳಕೆಯ ಅವಧಿ’ ಎಂದರೆ ಓದಿದವರು ಕೊಂಡ ದಿನದಿಂದ ತಿಂಗಳು ಎಣಿಸುತ್ತಾರೆ. ‘ಇಂಜಿನ್ ಓಡಿದ ಗಂಟೆ’ ಎಂದೇ ಹಾಕಿ.