ಮಾರುತಿ 800: ಬೆಳಗ್ಗೆ ಟಿಕ್‌ಟಿಕ್ ಸದ್ದು, ನೀಲಿ ಹೊಗೆ, ಸೈಲೆನ್ಸರಿಗೆ ತೂತು. ಮನೆಯಲ್ಲೇ ಎಷ್ಟು ಮಾಡಬಹುದು?

ಕುಮಟಾ_ಮಾಸ್ತರ

ನನ್ನದು 1997ರ ಮಾರುತಿ 800, ಕಾರ್ಬುರೇಟರ್ ಇರುವ ಮಾದರಿ. ಅಪ್ಪ ಕೊಂಡದ್ದು, ಈಗ ನನ್ನ ಪಾಲಿಗೆ ಬಂದಿದೆ. ನೋಂದಣಿ ನವೀಕರಣವಾಗಿದೆ, ಹಸಿರು ತೆರಿಗೆಯನ್ನೂ ಕಟ್ಟಿದ್ದೇನೆ. ಮಾರಿಬಿಡಿ ಎಂಬ ಸಲಹೆ ದಯವಿಟ್ಟು ಬೇಡ.

ಬೆಳಗ್ಗೆ ಚಾಲೂ ಮಾಡಿದ ಕೂಡಲೇ ಬಾನೆಟ್ಟಿನ ಒಳಗಿಂದ ಟಿಕ್‌ಟಿಕ್ ಎಂಬ ಸದ್ದು ಬರುತ್ತದೆ. ಎಕ್ಸಿಲರೇಟರ್ ಒತ್ತಿದರೆ ಸದ್ದಿನ ವೇಗವೂ ಏರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಬಹುಮಟ್ಟಿಗೆ ನಿಲ್ಲುತ್ತದೆ. ಅದೇ ಹೊತ್ತಿಗೆ ಹಿಂದಿನಿಂದ ಒಂದು ಸುತ್ತು ನೀಲಿ ಹೊಗೆ ಹೋಗಿ ಮಾಯವಾಗುತ್ತದೆ. ಗೇಟಿನ ಬಳಿ ಕಾರು ನಿಂತಿದ್ದರೆ ಹೊಗೆಯ ವಾಸನೆ ಒಳಗೂ ಬರುತ್ತದೆ. ಸೈಲೆನ್ಸರಿನ ಡಬ್ಬಿ ತಳದಲ್ಲಿ ತುಕ್ಕು ಹಿಡಿದು ತೂತಾಗಿದೆ. ಇಲ್ಲಿಯ ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿಯೂ ನೋಡದೆ, ಹೊಗೆಯನ್ನು ಕಂಡೇ ‘ಎಂಜಿನ್ ಇಳಿಸಬೇಕು, ಬೋರ್ ಮಾಡಿಸಬೇಕು’, ಅಂದರೆ ಸಿಲಿಂಡರನ್ನು ಕೊರೆಸಿ ಸರಿಪಡಿಸಬೇಕು, ಎಂದರು. ಅವರು ಹೇಳಿದ ಮೊತ್ತ ಕಾರಿನ ಬೆಲೆಗಿಂತ ಹೆಚ್ಚು.

ನನ್ನ ಬಳಿ ಪಾನಾಗಳ ಒಂದು ಸೆಟ್, ಜಾಕ್ ಮತ್ತು ಶನಿವಾರದ ಮಧ್ಯಾಹ್ನಗಳಿವೆ. ಹೊಗೆ ತಪಾಸಣೆಯ ಪ್ರಮಾಣಪತ್ರದ ಅವಧಿಯೂ ಮುಗಿಯುತ್ತ ಬಂದಿದೆ. ಎಲ್ಲಿಂದ ಆರಂಭಿಸಲಿ?

ಗಣಕ_ಬೆಂಗಳೂರು

ಮಾರುವುದು ಬೇಡ ಎಂದಿದ್ದೀರಿ, ಸರಿ. ಸೈಲೆನ್ಸರಿನ ತೂತಿಗೆ ಎಪಾಕ್ಸಿ ಅಂಟು ಮೆತ್ತಿ, ಎಣ್ಣೆಯ ಡಬ್ಬದ ತಗಡು ಸುತ್ತಿ, ಎರಡು ಕ್ಲಾಂಪ್ ಬಿಗಿದುಬಿಡಿ. ಹೊಗೆಗೆ ದಪ್ಪ ಆಯಿಲ್ ಹಾಕಿಸಿ. ಒಂದು ವರ್ಷ ದೂಡಬಹುದು.

ಹಳೇ_ಪಾನಾ_ಶಿರಸಿ

ಮಾಸ್ತರರೇ, ಮೇಲಿನವರ ತಗಡು ಮತ್ತು ದಪ್ಪ ಆಯಿಲ್ ಎರಡನ್ನೂ ಪಕ್ಕಕ್ಕಿಡಿ. ಸಾಧಾರಣ ಎಪಾಕ್ಸಿ ಆ ಬಿಸಿಗೆ ಬಾಳುವುದಿಲ್ಲ. ದಪ್ಪ ಆಯಿಲ್ ಹಾಕಿದರೆ ಹೊಗೆ ಕೆಲವು ದಿನ ಕಡಿಮೆಯಾದಂತೆ ಕಾಣುತ್ತದೆ, ಹೊಗೆ ಯಾಕೆ ಬರುತ್ತಿತ್ತು ಎಂಬುದು ಮಾತ್ರ ಗೊತ್ತಾಗದೆ ಉಳಿಯುತ್ತದೆ. ನಾನು ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗಾಡಿ ಬಂದೊಡನೆ ಪಾನಾ ಹಿಡಿಯುವ ಹುಡುಗರನ್ನು ಬೈಯುವುದರಲ್ಲೇ ನನ್ನ ನೌಕರಿಯ ಬಹುಪಾಲು ಮುಗಿಯಿತು. ನಿಮ್ಮ ಗ್ಯಾರೇಜಿನವರು ಮಾಡಿದ್ದೂ ಅದನ್ನೇ, ಪಾನಾದ ಬದಲು ಬಿಲ್ಲಿನ ಪುಸ್ತಕ ಹಿಡಿದರು.

ನೀವು ಬರೆದ ಮೂರು ತೊಂದರೆಗಳಿಗೆ ಮೂರು ಬೇರೆ ಕಾರಣಗಳಿರುವಂತಿದೆ. ಒಂದೊಂದಾಗಿ ನೋಡಿ.

ಮೊದಲು ಸದ್ದು. ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದ ಮೇಲೆ ತಗ್ಗುತ್ತದೆ ಎಂದರೆ ನನ್ನ ಅನುಮಾನ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಮೇಲೆ. ಮ್ಯಾನಿಫೋಲ್ಡ್ ಅಂದರೆ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿನ ಕಡೆಗೆ ಒಯ್ಯುವ ಕೊಳವೆ, ಗ್ಯಾಸ್ಕೆಟ್ ಅಂದರೆ ಸಂದು ಸೋರದಂತೆ ನಡುವೆ ಇಡುವ ಹಾಳೆ. ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚುತ್ತದೆ, ಸದ್ದು ನಿಲ್ಲುತ್ತದೆ. ಟ್ಯಾಪೆಟ್ (ವಾಲ್ವನ್ನು ಒತ್ತುವ ಭಾಗ) ಸದ್ದೂ ಎಂಜಿನ್ ವೇಗದ ಜೊತೆಗೇ ಏರುತ್ತದೆ, ಆದರೆ ಸಾಮಾನ್ಯವಾಗಿ ಹೀಗೆ ಪೂರ್ತಿ ಅಡಗುವುದಿಲ್ಲ. ಎಂಜಿನ್ ತಣ್ಣಗಿರುವಾಗ ಮ್ಯಾನಿಫೋಲ್ಡಿನ ಮೇಲಿನ ತಗಡಿನ ಮುಚ್ಚಳವನ್ನು ಬಿಚ್ಚಿ ಟಾರ್ಚ್ ಹಾಕಿ. ಸೋರುವ ಕಡೆ ಸಾಮಾನ್ಯವಾಗಿ ಕಪ್ಪು ಮಸಿಯ ಗೆರೆ ಇರುತ್ತದೆ. ಕಾಣದಿದ್ದರೆ ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಗಾಳಿ ಊದುವ ಕಡೆಯಿಂದ ಸೈಲೆನ್ಸರಿನ ಬಾಯಿಗೆ ಹಿಡಿಯಿರಿ, ಸುತ್ತ ಬಟ್ಟೆ ತುರುಕಿ. ಎಂಜಿನ್ ಬಂದ್ ಇರಲಿ. ಎಲ್ಲ ಜೋಡಣೆಗಳ ಮೇಲೆ ಸಾಬೂನಿನ ನೀರು ಹಚ್ಚುತ್ತ ಬನ್ನಿ. ಎಲ್ಲಿ ಗುಳ್ಳೆ ಏಳುತ್ತದೆಯೋ ಅಲ್ಲಿ ಸೋರಿಕೆ.

ಇದನ್ನು ಮುಂದೂಡಬೇಡಿ. ಒಳಗೆ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿಮಗೆ ವಾಸನೆ ಬರುತ್ತಿರುವುದು ಜೊತೆಯಲ್ಲಿರುವ ಬೇರೆ ಅನಿಲಗಳದ್ದು. ರಿಪೇರಿ ಆಗುವವರೆಗೆ ಕಾರು ನಿಲ್ಲಿಸಿ ಎಂಜಿನ್ ಓಡಿಸುತ್ತ ಕೂರಬೇಡಿ, ಶೆಡ್ಡಿನೊಳಗೆ ಚಾಲೂ ಮಾಡಿ ಪರೀಕ್ಷಿಸುವುದಂತೂ ಬೇಡವೇ ಬೇಡ.

ಇನ್ನು ನೀಲಿ ಹೊಗೆ, ಅಂದರೆ ಆಯಿಲ್ ಉರಿಯುತ್ತಿದೆ. ಎಲ್ಲಿಂದ ಇಳಿಯುತ್ತಿದೆ ಎಂಬುದು ಪ್ರಶ್ನೆ. ರಾತ್ರಿಯಿಡೀ ನಿಂತ ಗಾಡಿ ಬೆಳಗ್ಗೆ ಒಂದು ಸುತ್ತು ಬಿಟ್ಟು ಸುಮ್ಮನಾದರೆ ಹೆಚ್ಚಾಗಿ ವಾಲ್ವ್ ಸೀಲ್, ಅಂದರೆ ವಾಲ್ವಿನ ಕಾಂಡದ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್. ನಿಮಗೆ ದೇವಿಮನೆ ಘಟ್ಟ ಹತ್ತಿರವೇ ಇದೆ. ಒಬ್ಬರನ್ನು ಹಿಂದೆ ಬೈಕಿನಲ್ಲಿ ಬರಲು ಹೇಳಿ. ಘಟ್ಟ ಇಳಿಯುವಾಗ ಎಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಇಳಿದು, ಕೆಳಗೆ ಬಂದು ಒತ್ತಿದಾಗ ಒಮ್ಮೆಲೇ ಹೊಗೆ ಬಂದರೆ ಅದೂ ಸೀಲಿನದೇ ಗುರುತು. ಕಾಲು ತೆಗೆದಾಗ ಒಳಗೆ ನಿರ್ವಾತ ಹೆಚ್ಚಾಗಿ, ವಾಲ್ವಿನ ಕಾಂಡದ ಪಕ್ಕದಿಂದ ಆಯಿಲನ್ನು ಎಳೆದುಕೊಳ್ಳುತ್ತದೆ. ಘಟ್ಟ ಹತ್ತುವಾಗ, ಎಂಜಿನ್ನಿಗೆ ಭಾರ ಬಿದ್ದಾಗ, ಬಿಡದೆ ಹೊಗೆ ಬಂದರೆ ಆಗ ಪಿಸ್ಟನ್ ರಿಂಗನ್ನು (ಪಿಸ್ಟನ್ನಿನ ಸುತ್ತ ಇದ್ದು ಸಿಲಿಂಡರಿನ ಸಂದು ಮುಚ್ಚುವ ಬಳೆಯನ್ನು) ಸಂಶಯಿಸಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಬುಸುಬುಸು ಹೊಗೆ ಬರುತ್ತದೆ.

ಇನ್ನೂ ಖಚಿತ ಬೇಕೆಂದರೆ ಕಂಪ್ರೆಶನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮಾಪಕ) ತಂದು ಮೂರೂ ಸಿಲಿಂಡರ್ ಅಳೆಯಿರಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಗೇಜಿನ ಅಂಕಿ ಏರಿದರೆ ದೋಷ ರಿಂಗಿನಲ್ಲಿ, ಏರದಿದ್ದರೆ ವಾಲ್ವಿನಲ್ಲಿ ಅಥವಾ ಹೆಡ್ಡಿನ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ) ಗ್ಯಾಸ್ಕೆಟಿನಲ್ಲಿ. ಮೂರೂ ಸಮನಾಗಿದ್ದು, ಮ್ಯಾನುಅಲ್ ಹೇಳುವ ಮಟ್ಟದಲ್ಲಿದ್ದರೆ ಬೋರ್ ಮಾಡಿಸುವ ಮಾತೇ ಇಲ್ಲ. ಸೀಲ್ ಬದಲಿಸಲು ಹೆಡ್ ಇಳಿಸಲೇಬೇಕೆಂದೂ ಇಲ್ಲ. ಪ್ಲಗ್ಗಿನ ರಂಧ್ರದಿಂದ ನೈಲಾನ್ ಹಗ್ಗ ತುರುಕಿ, ಪಿಸ್ಟನ್ನನ್ನು ಮೇಲೆ ತಂದರೆ ವಾಲ್ವ್ ಕೆಳಗೆ ಜಾರದೆ ನಿಲ್ಲುತ್ತದೆ. ಇದು ಹಳಬರ ಉಪಾಯ. ಆದರೆ ಇದು ನಿಮ್ಮ ಮೊದಲ ಶನಿವಾರದ ಕೆಲಸವಲ್ಲ.

ಸೈಲೆನ್ಸರ್ ಮಾತ್ರ ಹೊಸದನ್ನೇ ಹಾಕಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಮನೆಯಿಂದ ಶಾಲೆಗೆ ಹೋಗುವಷ್ಟರಲ್ಲಿ ಡಬ್ಬಿ ಪೂರ್ತಿ ಬಿಸಿಯಾಗುವುದೇ ಇಲ್ಲ, ನೀರು ಒಳಗೇ ನಿಲ್ಲುತ್ತದೆ. ಹೊರಗಿನಿಂದ ಕಡಲ ಉಪ್ಪುಗಾಳಿ. ತೂತಿನ ಸುತ್ತ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ, ಹಪ್ಪಳದಂತೆ ಮುರಿಯುತ್ತದೆ. ಅಂಥದ್ದಕ್ಕೆ ವೆಲ್ಡಿಂಗ್ ಹಿಡಿಯುವುದಿಲ್ಲ. ಅದೂ ಅಲ್ಲದೆ ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇದೆ, ಗಾಡಿಯಲ್ಲೇ ವೆಲ್ಡಿಂಗ್ ಮಾಡಲು ಯಾರಾದರೂ ಬಂದರೆ ಕಳುಹಿಸಿಬಿಡಿ. ಹೊಸದನ್ನು ಹಾಕುವಾಗ ರಬ್ಬರ್ ಬಳೆಗಳಿಗೆ ಸಾಬೂನಿನ ನೀರು ಹಚ್ಚಿದರೆ ಸುಲಭವಾಗಿ ಏರುತ್ತವೆ. ಎಲ್ಲ ನಟ್ಟುಗಳನ್ನೂ ಸಡಿಲವಾಗಿ ಕೂರಿಸಿ, ಕೊಳವೆ ಎಲ್ಲಿಯೂ ತಾಗುತ್ತಿಲ್ಲವೆಂದು ನೋಡಿದ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತ ಹೋಗಿ.

ನಿಮ್ಮ ಕಡೆಯವರಿಗೆ ಒಂದು ಅಭ್ಯಾಸವಿದೆ, ಗಾಡಿ ಎತ್ತಿ ಕೆಳಗೆ ಚಿರೇಕಲ್ಲು ಇಡುವುದು. ಆ ಕಲ್ಲು ಭಾರಕ್ಕೆ ಹೇಳದೆ ಕೇಳದೆ ಒಡೆಯುತ್ತದೆ. ಜಾಕ್ ಒಂದನ್ನೇ ನಂಬಿಯೂ ಕೆಳಗೆ ತಲೆ ಹಾಕಬೇಡಿ. ಎರಡು ಸ್ಟ್ಯಾಂಡ್ ಕೊಳ್ಳಿ.

ಪದ್ಮಿನಿ_ಮೈಸೂರು

ಹಿರಿಯರು ಹೇಳಿದ್ದಕ್ಕೆ ಒಂದು ಸೇರ್ಪಡೆ. ನಾನು ಹಳೆಯ ಪ್ರೀಮಿಯರ್ ಪದ್ಮಿನಿಯೊಂದನ್ನು ಓಡಿಸುತ್ತೇನೆ. ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. 1997ರ ಕಾರಿನ ರಬ್ಬರ್ ಕೊಳವೆಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ಕೆಲವು ಉಬ್ಬಿ ಮೆತ್ತಗಾಗುತ್ತವೆ, ಕೆಲವು ಬಿರಿಯುತ್ತವೆ. ಮಾಸ್ತರರು ಹೇಗೂ ಬಾನೆಟ್ ಎತ್ತುತ್ತಾರೆ, ಪೆಟ್ರೋಲ್ ಕೊಳವೆಯನ್ನು ಬೆರಳಿನಿಂದ ಹಿಸುಕಿ ನೋಡಲಿ. ಬಿಸಿ ಮ್ಯಾನಿಫೋಲ್ಡ್ ಇರುವ ಜಾಗದಲ್ಲಿ ಪೆಟ್ರೋಲ್ ತೊಟ್ಟಿಕ್ಕುವುದು ಆಟವಲ್ಲ. ಎಥೆನಾಲ್ ತಾಳುವ ಕೊಳವೆ ಎಂದು ಕೇಳಿ ಕೊಳ್ಳಿ, ಬೆಲೆ ತುಸು ಹೆಚ್ಚು. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ಕೊಳವೆ, ಗ್ಯಾಸ್ಕೆಟ್, ಸೈಲೆನ್ಸರ್ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ತರಬಹುದು. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಹಳೆಯ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಡಬೇಡಿ, ಎಥೆನಾಲ್ ತೇವವನ್ನು ಹೀರುತ್ತದೆ.

ಕುಮಟಾ_ಮಾಸ್ತರ

ಇಬ್ಬರಿಗೂ ಧನ್ಯವಾದ. ತಗಡಿನ ಮುಚ್ಚಳ ಬಿಚ್ಚಿದೆ. ಒಂದು ಕೊನೆಯ ಸಿಲಿಂಡರಿನ ಪಕ್ಕ ಮಸಿ ದಟ್ಟವಾಗಿ ಹರಡಿದೆ, ಅಲ್ಲಿಯ ಒಂದು ಸ್ಟಡ್ಡಿಗೆ (ಹೆಡ್ಡಿನಿಂದ ಹೊರಚಾಚಿದ ತಿರುಪಿನ ಕಡ್ಡಿಗೆ) ನಟ್ಟೇ ಇಲ್ಲ. ಪಕ್ಕದ ನಟ್ ತುಕ್ಕು ಹಿಡಿದು ಸ್ಟಡ್ಡಿನೊಂದಿಗೆ ಒಂದಾಗಿದೆ. ಘಟ್ಟದ ಪರೀಕ್ಷೆಯೂ ಆಯಿತು. ಇಳಿದು ಒತ್ತಿದಾಗ ಹೊಗೆ ಬಂತು, ಹತ್ತುವಾಗ ಇಲ್ಲ ಎಂದು ಹಿಂದೆ ಬಂದ ಭಾವ ಹೇಳಿದರು. ಆ ನಟ್ಟನ್ನು ಉದ್ದ ಕೊಳವೆ ಹಾಕಿ ತಿರುಗಿಸಲೇ?

ಹಳೇ_ಪಾನಾ_ಶಿರಸಿ

ಬೇಡ, ಬೇಡ. ಆ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು, ಸ್ಟಡ್ ಉಕ್ಕಿನದು. ಬಲ ಹಾಕಿದರೆ ಸ್ಟಡ್ ಬುಡದಲ್ಲೇ ತುಂಡಾಗುತ್ತದೆ, ಇಲ್ಲವೇ ಅಲ್ಯೂಮಿನಿಯಮ್ಮಿನ ಮರೆಯನ್ನೇ (ತಿರುಪಿನ ಗೆರೆಗಳನ್ನೇ) ಕಿತ್ತುಕೊಂಡು ಬರುತ್ತದೆ. ಇನ್ನೂರು ರೂಪಾಯಿಯ ಕೆಲಸ ಹೆಡ್ ಇಳಿಸುವ ಕೆಲಸವಾಗುವುದು ಹೀಗೆಯೇ.

ತುಕ್ಕು ಬಿಡಿಸುವ ಎಣ್ಣೆಯನ್ನು ರಾತ್ರಿಯೇ ಬಿಡಿ, ಬೆಳಗ್ಗೆ ಮತ್ತೊಮ್ಮೆ ಬಿಡಿ. ಆರು ಮೂಲೆಯ ಸಾಕೆಟನ್ನೇ ಬಳಸಿ, ಹನ್ನೆರಡು ಮೂಲೆಯದು ತುಕ್ಕಿನ ನಟ್ಟಿನ ಮೂಲೆ ಸವೆಸುತ್ತದೆ. ತುಸು ಬಿಗಿ, ತುಸು ಸಡಿಲ, ಹೀಗೆ ಹಿಂದೆ ಮುಂದೆ ಆಡಿಸಿ. ಅಲುಗಾಡಲು ಆರಂಭಿಸಿದರೆ ಎಣ್ಣೆ ಬಿಡುತ್ತ ಬಿಚ್ಚಿ. ಪೂರ್ತಿ ಹಟ ಮಾಡಿದರೆ ಅಲ್ಲಿಗೆ ಕೈ ಬಿಡಿ. ಗ್ಯಾಸ್ ಜ್ವಾಲೆಯಿಂದ ನಟ್ಟನ್ನು ಕಾಯಿಸುವ ಕೆಲಸ, ಸ್ಟಡ್ ತುಂಡಾದರೆ ಅದರ ಮೇಲೆ ಹೊಸ ನಟ್ ವೆಲ್ಡ್ ಮಾಡಿ ತೆಗೆಯುವ ಕೆಲಸ, ಇವೆರಡೂ ಲೇಥ್ ಅಂಗಡಿಯವರಿಗೆ ಸೇರಿದ್ದು. ನಿಮ್ಮ ಎಂಜಿನ್ ಮೇಲೆ ಪೆಟ್ರೋಲ್ ಕೊಳವೆ ಇದೆ, ಪದ್ಮಿನಿಯವರು ಈಗಷ್ಟೇ ಹೇಳಿದ್ದಾರೆ.

ಬಿಚ್ಚಿದ ಮೇಲೆ ಹಳೆಯ ಗ್ಯಾಸ್ಕೆಟಿನ ಚೂರುಗಳನ್ನು ಹಿತ್ತಾಳೆಯ ತಗಡಿನಿಂದ ಕೆರೆಯಿರಿ, ಉಕ್ಕಿನ ಉಳಿಯಿಂದ ಹೆಡ್ಡಿಗೆ ಗೀರು ಬೀಳುತ್ತದೆ. ಮ್ಯಾನಿಫೋಲ್ಡಿನ ಮುಖದ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರುತ್ತದೆಯೇ ನೋಡಿ. ಬಾಗಿದ್ದರೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಮತ್ತೆ ಸೋರುತ್ತದೆ, ಮುಖ ಸವೆಸಬೇಕು. ಹೊಸ ನಟ್ಟುಗಳನ್ನು ನಡುವಿನಿಂದ ಹೊರಗಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ, ಮ್ಯಾನುಅಲ್‌ನಲ್ಲಿರುವ ಬಿಗಿಯಷ್ಟೇ ಹಾಕಿ. ಒಮ್ಮೆ ಓಡಿಸಿ, ಪೂರ್ತಿ ಆರಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಭಾವ ಹೇಳಿದ್ದು ಸರಿಯಾದರೆ ಸಮಸ್ಯೆ ಸೀಲಿನದು. ಮಳೆಗಾಲ ಮುಗಿದ ಮೇಲೆ ನೋಡೋಣ, ಅಲ್ಲಿಯವರೆಗೆ ಡಿಪ್‌ಸ್ಟಿಕ್ ನೋಡುತ್ತ ಆಯಿಲ್ ತುಂಬಿಸುತ್ತಿರಿ. ಹೊಗೆ ತಪಾಸಣೆಗೆ ಸೋರಿಕೆ ನಿಂತ ಮೇಲೆಯೇ ಹೋಗಿ. ಸೋರುವ ಕೊಳವೆ ಹೊರಗಿನ ಗಾಳಿಯನ್ನೂ ಒಳಗೆ ಎಳೆದುಕೊಳ್ಳುವುದರಿಂದ ಯಂತ್ರ ತೋರಿಸುವ ಅಂಕಿ ನಂಬುವಂತಿರುವುದಿಲ್ಲ. ಭಾರತ್ ಸ್ಟೇಜ್ 2 ಎಂಬ ಸರ್ಕಾರದ ಹೊಗೆ ಮಾನದಂಡಕ್ಕೆ ಮುಂಚಿನ ನಿಮ್ಮ ಕಾರಿಗೆ ಮಿತಿ ಕಾರ್ಬನ್ ಮಾನಾಕ್ಸೈಡ್ ಶೇ 3, ಹೈಡ್ರೊಕಾರ್ಬನ್ (ಉರಿಯದೆ ಉಳಿದ ಇಂಧನ) 1500 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 1500 ಭಾಗ. ಏರ್ ಫಿಲ್ಟರ್ ಶುಚಿಯಾಗಿದ್ದು, ಚೋಕ್ ಪೂರ್ತಿ ತೆರೆದುಕೊಳ್ಳುತ್ತಿದ್ದರೆ ದಾಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಯಂತ್ರದ ಮುಂದೆ ನಿಲ್ಲಿಸಿ. ತಣ್ಣನೆಯ ಎಂಜಿನ್ನಿನಲ್ಲಿ ನಿಮ್ಮ ನೀಲಿ ಹೊಗೆಯನ್ನು ಅವರಿಗೂ ತೋರಿಸುವ ಅಗತ್ಯವಿಲ್ಲ.