‘ಜನಸಂಖ್ಯೆ ಕುಸಿತ’ ಅಂದರೆ ಕುಸಿದದ್ದು ಯಾವುದು?

ಎಲ್ಲರಿಗೂ ನಮಸ್ಕಾರ.

ಉಡುಪಿ, ಮಂಗಳೂರು ಕಡೆಯ ಪೇಟೆಗಳಲ್ಲಿ ಜನ ಎಷ್ಟು ಹೆಚ್ಚಾದರು, ಎಲ್ಲಿ ಕಡಿಮೆಯಾದರು ಎಂದು ಒಂದು ಕಿರುಪುಸ್ತಕ ಬರೆಯುತ್ತಿದ್ದೇನೆ. ಹೈಸ್ಕೂಲು ಮಕ್ಕಳಿಗೂ ಅರ್ಥವಾಗಬೇಕು. ಅಂಕಿಗಳು ಸಿಗುತ್ತವೆ, ಪದಗಳದ್ದೇ ತೊಡಕು. ಕೆಲವು ಕಡೆ ನಿಮ್ಮ ಸಹಾಯ ಬೇಕು.

ಮೊದಲನೆಯದು ‘ಕುಸಿತ’. 2001ರಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,12,243 ಇತ್ತು. 2011ರಲ್ಲಿ 11,77,361 ಆಯಿತು. ಅಂದರೆ 65 ಸಾವಿರಕ್ಕೂ ಜಾಸ್ತಿ ಜನ ಸೇರಿದರು. ಆದರೆ ಅದರ ಹಿಂದಿನ ಹತ್ತು ವರ್ಷಗಳಲ್ಲಿ ಶೇ. 7ರ ಆಸುಪಾಸಿನಲ್ಲಿದ್ದ ಬೆಳವಣಿಗೆ ಈ ಸಲ ಶೇ. 5.85ಕ್ಕೆ ಬಂತು. ಮಕ್ಕಳು ಹುಟ್ಟುವುದು ಕಡಿಮೆ, ಮುಂಬೈ, ಬೆಂಗಳೂರು, ಗಲ್ಫ್ ಅಂತ ಹೋಗುವವರು ಜಾಸ್ತಿ. ಕಾರಣ ನಮಗೆಲ್ಲ ಗೊತ್ತೇ ಇದೆ. ಆದರೆ ಇದಕ್ಕೆ ‘ಉಡುಪಿಯಲ್ಲಿ ಜನಸಂಖ್ಯೆ ಕುಸಿತ’ ಎಂದು ತಲೆಬರಹ ಕೊಟ್ಟರೆ ಓದುವವರು ಏನು ತಿಳಿಯಬೇಕು? ಘಟ್ಟದ ಮೇಲಿನ ಚಿಕ್ಕಮಗಳೂರಿನಲ್ಲಿ ಅದೇ ಅವಧಿಯಲ್ಲಿ ಜನರೇ ಕಡಿಮೆಯಾದರು. 11,40,905 ಇದ್ದದ್ದು 11,37,961 ಆಯಿತು. ಒಂದು ಕಡೆ ಜನ ಹೆಚ್ಚಾಗಿದ್ದಾರೆ, ಇನ್ನೊಂದು ಕಡೆ ಕಡಿಮೆಯಾಗಿದ್ದಾರೆ. ಎರಡಕ್ಕೂ ಒಂದೇ ಪದ ಸಲ್ಲದು.

ನಾನು ಅಂದುಕೊಂಡಿರುವುದು ಹೀಗೆ. ತಲೆಲೆಕ್ಕ ಕಡಿಮೆಯಾದರೆ ‘ಇಳಿಕೆ’. ವೇಗ ಮಾತ್ರ ಕಡಿಮೆಯಾದರೆ ‘ಬೆಳವಣಿಗೆ ನಿಧಾನವಾಗಿದೆ’. ‘ಕುಸಿತ’ ಇಲ್ಲಿ ಬೇಡವೇ ಬೇಡ. ಗುಡ್ಡ ಕುಸಿತ ಅನ್ನುವಾಗ ಇರುವ ದಿಢೀರ್ ಅರ್ಥ ನಮ್ಮ ಕರಾವಳಿಯವರ ಕಿವಿಯಲ್ಲಿ ಗಟ್ಟಿಯಾಗಿ ಕೂತಿದೆ. ಹತ್ತು ವರ್ಷದಲ್ಲಿ ಮೆಲ್ಲ ಆಗುವ ಬದಲಾವಣೆಗೆ ಅದು ಹೊಂದುವುದಿಲ್ಲ. ಇನ್ನು ‘ಋಣಾತ್ಮಕ ಬೆಳವಣಿಗೆ’ ಅನ್ನುವುದನ್ನಂತೂ ನಾನು ಬರೆಯಲಾರೆ. ಕಡಿಮೆಯಾದದ್ದನ್ನು ಕಡಿಮೆಯಾಯಿತು ಅನ್ನಲು ಯಾಕೆ ಹಿಂಜರಿಕೆ?

ಎರಡನೆಯದು ಇನ್ನೂ ಕಷ್ಟದ್ದು. 12,000 ಜನರ ಪೇಟೆಗೆ 1,200 ಜನ ಬಂದರೆ ಶೇ. 10 ಏರಿಕೆ. 5 ಲಕ್ಷದ ನಗರಕ್ಕೆ 10,000 ಜನ ಬಂದರೂ ಅದು ಶೇ. 2 ಮಾತ್ರ. ಶೇಕಡಾ ಮಾತ್ರ ನೋಡಿದರೆ ಸಣ್ಣ ಪೇಟೆಯೇ ಭರ್ಜರಿ ಬೆಳೆದಂತೆ ಕಾಣುತ್ತದೆ. ಆದರೆ ನೀರು, ಬಸ್ಸು, ಶಾಲೆ ಬೇಕಾಗುವುದು ಜನರಿಗೆ, ಶೇಕಡಾಕ್ಕೆ ಅಲ್ಲ ಅಲ್ವಾ? ಹಾಗಾಗಿ ಶೇಕಡಾ, ತಲೆಲೆಕ್ಕ ಎರಡನ್ನೂ ಕೊಡುತ್ತೇನೆ. ಜೊತೆಗೆ ‘ಯಾವ ಸಂಖ್ಯೆಯ ಮೇಲೆ ಶೇಕಡಾ’ ಅನ್ನುವುದನ್ನೂ ಪ್ರತಿ ಸಲ ಹೇಳಬೇಕು. ಅದಕ್ಕೆ ಪದ ಯಾವುದು? ‘ಮೂಲ ಜನಸಂಖ್ಯೆ’ ಅಂದರೆ ಊರಿನ ಮೂಲನಿವಾಸಿಗಳು ಎಂದು ಓದುತ್ತಾರೆ. ‘ಆಧಾರ ಸಂಖ್ಯೆ’ ಎಂದು ಬರೆದರೆ ಈಗ ಎಲ್ಲರಿಗೂ ನೆನಪಾಗುವುದು ಆಧಾರ್ ಕಾರ್ಡಿನ ನಂಬರು. ‘ಆರಂಭದ ಲೆಕ್ಕ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ, ಪೂರ್ತಿ ಸಮಾಧಾನವಿಲ್ಲ.

ಮೂರನೆಯದು ‘ದಶಕದ ಬೆಳವಣಿಗೆ’. 2021ರ ಜನಗಣತಿ ನಡೆಯಲಿಲ್ಲ. ಮುಂದಿನ ಲೆಕ್ಕಕ್ಕೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಅಂದರೆ ಈ ಸಲ 16 ವರ್ಷಗಳ ಅಂತರ. ಹಳೆಯ ದಶಕದ ಶೇಕಡಾ ಪಕ್ಕದಲ್ಲಿ 16 ವರ್ಷಗಳ ಶೇಕಡಾ ಇಟ್ಟರೆ ಎಲ್ಲ ಊರೂ ಸುಮ್ನೆ ಜೋರಾಗಿ ಬೆಳೆದಂತೆ ಕಾಣುತ್ತದೆ. ವರ್ಷದ ದರಕ್ಕೆ ತಂದೇ ಹೋಲಿಸಬೇಕು. ಅದೂ ಬರೀ ಭಾಗಾಕಾರದಿಂದ ಆಗುವುದಿಲ್ಲ, ಚಕ್ರಬಡ್ಡಿಯ ಲೆಕ್ಕ ಬೇಕು. ಒಂದು ಪೇಟೆ 16 ವರ್ಷಗಳಲ್ಲಿ ಶೇ. 16 ಬೆಳೆದರೆ ವರ್ಷಕ್ಕೆ ಶೇ. 1 ಅಲ್ಲ, ಸುಮಾರು ಶೇ. 0.93. ಹತ್ತು ವರ್ಷಕ್ಕೆ ಇಳಿಸಿದರೆ ಶೇ. 9.7ರಷ್ಟು. ಇಷ್ಟು ಬ್ಯಾಂಕುಗಳು ಹುಟ್ಟಿದ ಜಿಲ್ಲೆಗಳಲ್ಲಿ ಚಕ್ರಬಡ್ಡಿ ಗೊತ್ತಿಲ್ಲದವರು ಕಡಿಮೆ. ಹಾಗಾಗಿ ‘ಚಕ್ರಬಡ್ಡಿ ಲೆಕ್ಕದ ವಾರ್ಷಿಕ ಬೆಳವಣಿಗೆ’ ಎಂದೇ ಬರೆಯಲೇ? ಉದ್ದವಾಯಿತು, ಆದರೆ ಸ್ಪಷ್ಟವಾಗಿದೆ.

ಇನ್ನೊಂದು ಚಿಕ್ಕ ಮಾತು. ನಗರಸಭೆಯ ಎಲ್ಲೆ ಹಿಗ್ಗಿಸಿ ಪಕ್ಕದ ಗ್ರಾಮಗಳನ್ನು ಸೇರಿಸಿದರೂ ‘ನಗರದ ಜನಸಂಖ್ಯೆ ಬೆಳೆಯಿತು’ ಎಂದೇ ಬರೆಯುತ್ತಾರೆ. ಅಲ್ಲಿ ಯಾರೂ ಮನೆ ಬದಲಿಸಿಲ್ಲ. ಇದಕ್ಕೆ ‘ಸೇರ್ಪಡೆ’ ಎಂದು ಬೇರೆ ಕಾಲಂ ಮಾಡಿದ್ದೇನೆ.

‘ಆರಂಭದ ಲೆಕ್ಕ’ಕ್ಕಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ಗಣಿತ ಅಥವಾ ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಮಾಡುವ ಮೇಷ್ಟ್ರು, ಟೀಚರು ಯಾರಾದರೂ ಇದ್ದರೆ, ತರಗತಿಯಲ್ಲಿ ಬಾಯಿಮಾತಿಗೆ ಏನು ಅನ್ನುತ್ತೀರಿ ಎಂಬುದೇ ನನಗೆ ಹೆಚ್ಚು ಬೇಕಾದದ್ದು.