ಮಗಳು ಈ ಜೂನ್‌ಗೆ ಎರಡನೇ ಕ್ಲಾಸು: ನಿಮ್ಮ ಮನೆಯಲ್ಲಿ ಆ ವರ್ಷ ಹೇಗಿತ್ತು?

ಕೇಳಿದವರು: ದಾವಣಗೆರೆಯ ತಾಯಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಏಳು ವರ್ಷ, ಈ ಜೂನ್‌ಗೆ ಎರಡನೇ ಕ್ಲಾಸು. ಇಂಗ್ಲಿಷ್ ಮೀಡಿಯಂ, ಸ್ಟೇಟ್ ಸಿಲಬಸ್. ಒಂದನೇ ಕ್ಲಾಸು ಹಾಡು, ಆಟ ಅಂತ ಕಳೆದುಹೋಯಿತು. ಈಗ ಪಕ್ಕದ ಮನೆಯವರು "ಇನ್ನು ಮೇಲೆ ಕಷ್ಟ, ಈಗಲೇ ಟ್ಯೂಷನ್‌ಗೆ ಹಾಕಿ" ಎನ್ನುತ್ತಿದ್ದಾರೆ. ಕನ್ನಡ ಕಾಗುಣಿತದವರೆಗೆ ಓದುತ್ತಾಳೆ. ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ಕೂಡುವ ಲೆಕ್ಕ ಬರುತ್ತದೆ, ಕಳೆಯುವ ಲೆಕ್ಕ ಅಂದರೆ ಅಳು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮನೆ ಸೇರುವಾಗ ಸಂಜೆ ಆರೂವರೆ. ಈ ವರ್ಷ ಏನೇನು ಎದುರಾಗುತ್ತದೆ? ಎಲ್ಲಿ ಗಮನ ಕೊಡಬೇಕು, ಎಲ್ಲಿ ಸುಮ್ಮನೆ ಬಿಡಬೇಕು? ದಯವಿಟ್ಟು ಹೇಳಿ.

ಶಿವಮೊಗ್ಗದಿಂದ, ಇಬ್ಬರು ಗಂಡುಮಕ್ಕಳ ತಾಯಿ

ಟ್ಯೂಷನ್ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಅದನ್ನೇ ಮಾಡಿದ್ದೆ. ದೊಡ್ಡವನು ಎರಡನೇ ಕ್ಲಾಸಿಗೆ ಬಂದ ತಿಂಗಳೇ ಟ್ಯೂಷನ್‌ಗೆ ಸೇರಿಸಿದೆ. ದಿನಾ ಎರಡು ಪುಟ ಕಾಪಿ ಬರೆಸುತ್ತಿದ್ದರು. ಅಕ್ಷರ ದುಂಡಗಾಯಿತು. ನೋಟ್‌ಬುಕ್ ತುಂಬ ರೈಟ್ ಮಾರ್ಕು. ಮನೆಗೆ ಬಂದು ಪಾಠ ಓದು ಅಂದರೆ ಗಡಗಡ ಓದುತ್ತಿದ್ದ. ನಾನು ಖುಷಿಯಲ್ಲಿದ್ದೆ.

ಡಿಸೆಂಬರ್‌ನಲ್ಲಿ ಒಂದು ದಿನ ಅಡುಗೆ ಮಾಡುತ್ತಾ, ಪಾಠದ ಮಧ್ಯದ ಒಂದು ಸಾಲಿನ ಮೇಲೆ ಬೆರಳಿಟ್ಟು "ಇಲ್ಲಿಂದ ಓದು" ಅಂದೆ. ಅವನು ಬೆರಳಿಟ್ಟ ಕಡೆ ನೋಡಲೇ ಇಲ್ಲ. ಪುಟದ ಮೇಲಿನ ಸಾಲಿಗೆ ಹೋಗಿ, ತುಟಿ ಅಲ್ಲಾಡಿಸುತ್ತಾ ಮನಸ್ಸಲ್ಲೇ ಹೇಳಿಕೊಂಡು ಬಂದು, ನನ್ನ ಬೆರಳಿನ ಹತ್ತಿರ ಬಂದ ಮೇಲೆ ಜೋರಾಗಿ ಶುರು ಮಾಡಿದ. ಆಗ ಗೊತ್ತಾಯಿತು, ಪಾಠ ಪೂರ್ತಿ ಬಾಯಿಪಾಠ. ಓದು ಬಂದೇ ಇರಲಿಲ್ಲ. ಆರು ತಿಂಗಳು ನಾನು ಒಂದು ದಿನವೂ ಪರೀಕ್ಷಿಸಿರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಪಾಠದ ಪುಸ್ತಕದಲ್ಲಿ ಮಾತ್ರ ಓದಿಸಬೇಡಿ. ಮೊದಲು ನೋಡಿರದ ಬರಹ ಕೊಡಿ. ಮದುವೆ ಕಾರ್ಡು, ಹಾಲಿನ ಪ್ಯಾಕೆಟ್, ಬಸ್ಸಿನ ಬೋರ್ಡು, ಅಂಗಡಿ ಹೆಸರು, ಯಾವುದಾದರೂ ಸರಿ. ಚಿಕ್ಕವನಿಗೆ ಟ್ಯೂಷನ್ ಕೊಡಿಸಲಿಲ್ಲ. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ, ಚಾಪೆ ಮೇಲೆ ಪಕ್ಕದಲ್ಲಿ ಕೂತು ಓದುತ್ತಿದ್ದೆವು. ಒಂದು ಸಾಲು ನಾನು, ಒಂದು ಸಾಲು ಅವನು. ಹಾಗೆ ಓದಿದ ಒಂದೇ ವರ್ಷಕ್ಕೆ ಪೇಪರ್ ಹೆಡ್ಡಿಂಗ್ ಓದುವಷ್ಟಾದ. ಆರೂವರೆಗೆ ಮನೆಗೆ ಬಂದರೂ ಹತ್ತು ನಿಮಿಷ ಸಿಗುತ್ತದೆ ಅಕ್ಕ. ಅಷ್ಟು ಸಾಕು.

ಹಾಸನ ಜಿಲ್ಲೆಯಿಂದ, ನಲಿ-ಕಲಿ ತರಗತಿಯ ಶಿಕ್ಷಕಿ

ಮೇಲೆ ಬರೆದ ತಾಯಿ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹದಿನಾಲ್ಕು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸುತ್ತಿದ್ದೇನೆ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗೂ ಬಂದ ಪದ್ಧತಿ. ನಮ್ಮಲ್ಲಿ ಮಗು ಅ, ಆ, ಇ, ಈ ಅಂತ ಶುರು ಮಾಡುವುದಿಲ್ಲ. ರ, ಗ, ಸ, ದ, ಅ ಮೊದಲು. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಅಂತ ಪದ ಓದಿಬಿಡುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ಇರುತ್ತದೆ, ಒಬ್ಬರು ಮುಂದೆ, ಒಬ್ಬರು ಹಿಂದೆ. ಇದನ್ನು ಯಾಕೆ ಹೇಳಿದೆ ಅಂದರೆ, ಒಂದೇ ಕ್ಲಾಸಿನ ಮಕ್ಕಳು ಒಂದೇ ದಿನ ಒಂದೇ ಕಡೆ ಇರುವುದಿಲ್ಲ ಎನ್ನುವುದು ಆ ಏಣಿಯಲ್ಲಿ ದಿನಾ ಕಣ್ಣಿಗೆ ಕಾಣುತ್ತದೆ. ಖಾಸಗಿ ಶಾಲೆಯಲ್ಲೂ ಮಕ್ಕಳು ಹಾಗೇ ಇರುತ್ತಾರೆ, ಕಾಣುವುದಿಲ್ಲ ಅಷ್ಟೇ.

ಈಗ ಒತ್ತಕ್ಷರ. ನಿಮ್ಮ ಮಗಳು ನಿಲ್ಲುತ್ತಾಳೆ ಅಂದಿರಿ. ಎಲ್ಲಿ ನಿಲ್ಲುತ್ತಾಳೆ ಅಂತ ನೋಡಿದ್ದೀರಾ? ಅಜ್ಜ, ಹಬ್ಬ, ಅಪ್ಪ, ದೊಡ್ಡ, ಇವು ಸುಲಭ. ಕೆಳಗಿನ ಒತ್ತು ಮೇಲಿನ ಅಕ್ಷರದ ಹಾಗೇ ಕಾಣುತ್ತದೆ, ತಲೆಕಟ್ಟು ಇರುವುದಿಲ್ಲ ಅಷ್ಟೇ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಹತ್ತು, ಅನ್ನ, ಅಮ್ಮ, ಅಯ್ಯೋ, ಚಕ್ರ, ಹಲ್ಲು. ಮಗುವಿಗೆ ಇವು ಹೊಸ ಆರು ಗುರುತು. ಇವನ್ನು ಬೇರೆ ಇಟ್ಟು, ವಾರಕ್ಕೆ ಒಂದರಂತೆ ಕಲಿಸಿ. ಆರು ವಾರದಲ್ಲಿ ಮುಗಿಯುತ್ತದೆ. ಮನೆಯಲ್ಲಿ ಇರುವ ಹೆಸರುಗಳನ್ನೇ ತೆಗೆದುಕೊಳ್ಳಿ: ಅಮ್ಮ, ಅತ್ತೆ, ಚಿಕ್ಕಮ್ಮ.

ಎಲ್ಲಕ್ಕಿಂತ ಕಷ್ಟ ಅರ್ಕಾವೊತ್ತು. ಸೂರ್ಯ, ಕರ್ನಾಟಕ, ಮಾರ್ಗ. ನಾಲಿಗೆಗೆ ರ್ ಮೊದಲು ಬರುತ್ತದೆ, ಕಣ್ಣಿಗೆ ಅದರ ಗುರುತು ಆಮೇಲೆ ಸಿಗುತ್ತದೆ. ಮಗು ಎಡದಿಂದ ಬಲಕ್ಕೆ ಓದಬೇಕು ಅಂತ ಒಂದು ವರ್ಷ ಹೇಳಿಕೊಟ್ಟು, ಈಗ ಒಂದು ಹೆಜ್ಜೆ ಹಿಂದೆ ಬಾ ಅನ್ನುತ್ತೇವೆ. ತಡವರಿಸಿದರೆ ಅದು ದಡ್ಡತನ ಅಲ್ಲ. ಎರಡನೇ ಕ್ಲಾಸು ಮುಗಿಯುವಾಗಲೂ ಕೆಲವರಿಗೆ ಇದು ಕೂರುವುದಿಲ್ಲ. ಮೂರನೇ ಕ್ಲಾಸಿನಲ್ಲಿ ಕೂರುತ್ತದೆ. ಬಿಡಿ.

2021ರಲ್ಲಿ ಬಂದ, ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಗಳನ್ನು ಕೆಲವು ಪೋಷಕರು ಮೊಬೈಲಿನಲ್ಲಿ ತೋರಿಸಿ ಕೇಳುತ್ತಾರೆ. ಎರಡನೇ ಕ್ಲಾಸಿನ ಕೊನೆಗೆ ನಿಮಿಷಕ್ಕೆ 45ರಿಂದ 60 ಪದ ಅರ್ಥ ಮಾಡಿಕೊಂಡು ಓದಬೇಕು, 999ರ ತನಕ ಸಂಖ್ಯೆ ಓದಿ ಬರೆಯಬೇಕು, 99ರೊಳಗೆ ಕಳೆಯಬೇಕು ಅಂತ ಅದರಲ್ಲಿದೆ. ಸಂಖ್ಯೆಯ ಗುರಿ ಸರಿಯಾಗಿದೆ. ಓದಿನ ಗುರಿಗೆ ಮಾತ್ರ ಗಡಿಯಾರ ಹಿಡಿದು ಕೂರಬೇಡಿ. "ಬರುತ್ತಿರಲಿಲ್ಲವಂತೆ" ಅನ್ನುವುದು ಕನ್ನಡದಲ್ಲಿ ಒಂದೇ ಪದ, ಅದರೊಳಗೆ ಇಡೀ ವಾಕ್ಯ ಇದೆ. ನಾನು ನೋಡುವುದು ಬೇರೆ. ಒಂದು ಪುಟ್ಟ ಕಥೆ ತಾನೇ ಓದಿ, ಏನಾಯಿತು ಅಂತ ತನ್ನ ಮಾತಿನಲ್ಲಿ ಹೇಳುತ್ತಾಳಾ? ಹೇಳಿದರೆ ಮಗು ದಾರಿಯಲ್ಲಿದೆ.

ಕಳೆಯುವ ಲೆಕ್ಕದ ಅಳುವಿಗೂ ಕಾರಣ ಇದೆ. 42ರಲ್ಲಿ 17 ಕಳೆ ಅಂದರೆ ಮಕ್ಕಳು 35 ಅಂತ ಬರೆಯುತ್ತಾರೆ. ಯಾಕೆ? ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ, ಹಾಗಾಗಿ 7ರಿಂದ 2 ಕಳೆದುಬಿಡುತ್ತಾರೆ. "ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು" ಅಂತ ಒಂದನೇ ಕ್ಲಾಸಿನಲ್ಲಿ ನಾವೇ ಹೇಳಿರುತ್ತೇವೆ, ಅಲ್ವಾ? ಪೊರಕೆ ಕಡ್ಡಿ ಮುರಿದು, ಹತ್ತತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಹದಿನೇಳು ಕೊಡು ಅನ್ನಿ. ಏಳು ಬಿಡಿ ಇಲ್ಲವಲ್ಲ ಅಂತ ಅವಳೇ ಹೇಳುತ್ತಾಳೆ. ಏನು ಮಾಡೋಣ ಅಂತ ಕೇಳಿ ಸುಮ್ಮನಿರಿ. ಸ್ವಲ್ಪ ಹೊತ್ತಿಗೆ ಅವಳೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತಾಳೆ. ಆ ಕೈ ಬಿಚ್ಚಿದ್ದನ್ನೇ ಆಮೇಲೆ ಪುಸ್ತಕದಲ್ಲಿ "ದಶಕ ತೆಗೆದುಕೊಳ್ಳುವುದು" ಅಂತ ಬರೆಯುವುದು. ಕಡ್ಡಿ ಇಲ್ಲದೆ ಬರೀ ಗೀಟು ಹೊಡೆದು ಮೇಲೆ 12 ಬರೆ ಅಂದರೆ ಯಾವ ಮಗುವಿಗಾದರೂ ಅಳು ಬರುತ್ತದೆ.

ಬೆಂಗಳೂರಿನಿಂದ, ಒಬ್ಬಳು ಮಗಳ ತಂದೆ

ನಮ್ಮದು ಸಿಬಿಎಸ್‌ಇ ಶಾಲೆ. 2015ರ ಕನ್ನಡ ಕಲಿಕಾ ಕಾಯ್ದೆ ಬಂದ ಮೇಲೆ ಇಲ್ಲೂ ಕನ್ನಡ ಕಡ್ಡಾಯ. ಆದರೆ ವಾರಕ್ಕೆ ಕೆಲವೇ ಪೀರಿಯಡ್. ಮನೆಯಲ್ಲಿ ಓದಿಸದೇ ಇದ್ದರೆ ಬರುವುದಿಲ್ಲ ಎನ್ನುವುದು ನನ್ನ ಅನುಭವ. ಮೇಡಂ ಹೇಳಿದ ಒತ್ತಕ್ಷರದ ಕ್ರಮವನ್ನು ಬರೆದಿಟ್ಟುಕೊಂಡೆ.

ನಾನು ಸೇರಿಸಬೇಕಾದ್ದು ಹೋಮ್‌ವರ್ಕ್ ಮತ್ತು ಬ್ಯಾಗ್ ಬಗ್ಗೆ. ಮಗಳು ದಿನಾ ಸಂಜೆ ಭುಜ ನೋವು ಅನ್ನುತ್ತಿದ್ದಳು. ಊರಿಗೆ ಹೋಗುವಾಗ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಇತ್ತಲ್ಲ, ಅದಕ್ಕೆ ಬ್ಯಾಗ್ ನೇತುಹಾಕಿದೆ. ನಾಲ್ಕು ಕೆಜಿ ಮೇಲಿತ್ತು. ನಮ್ಮ ರಾಜ್ಯದಲ್ಲಿ 2019ರಲ್ಲೇ ಆದೇಶ ಇದೆ: ಒಂದು, ಎರಡನೇ ಕ್ಲಾಸಿಗೆ ಬ್ಯಾಗ್ ಒಂದೂವರೆಯಿಂದ ಎರಡು ಕೆಜಿ, ಈ ಎರಡು ಕ್ಲಾಸಿಗೆ ಹೋಮ್‌ವರ್ಕ್ ಕೊಡಬಾರದು. ಪೋಷಕರ ಸಭೆಯಲ್ಲಿ ಜಗಳ ಮಾಡದೆ, ಬ್ಯಾಗಿನ ಫೋಟೋ ತೋರಿಸಿ ಕೇಳಿದೆ. ಇನ್ನೂ ಆರು ಜನ ಪೋಷಕರು ದನಿಗೂಡಿಸಿದರು. ಎರಡು ವಾರದಲ್ಲಿ ಪಠ್ಯಪುಸ್ತಕಗಳನ್ನು ಕ್ಲಾಸಿನಲ್ಲೇ ಇಡಲು ಕಪಾಟು ಬಂತು. ಹೋಮ್‌ವರ್ಕ್ ಪೂರ್ತಿ ನಿಲ್ಲಲಿಲ್ಲ, ಅರ್ಧ ಆಯಿತು. ನಿಮ್ಮ ಶಾಲೆಯಲ್ಲೂ ರಾಶಿ ಹೋಮ್‌ವರ್ಕ್ ಬಂದರೆ ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ.

ಇನ್ನೊಂದು, ಸ್ನೇಹ. ಎರಡನೇ ಕ್ಲಾಸಿಗೆ ಸೆಕ್ಷನ್ ಬದಲಾಯಿಸುತ್ತಾರೆ. ಇವಳ ಜೊತೆಗಾತಿ ಬಿ ಸೆಕ್ಷನ್‌ಗೆ ಹೋದಳು. ಒಂದು ತಿಂಗಳು ಇವಳು ಟಿಫಿನ್ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ತರುತ್ತಿದ್ದಳು. ಒಬ್ಬಳೇ ಕೂತು ತಿನ್ನಲು ಮನಸ್ಸಿರಲಿಲ್ಲ. ಡಬ್ಬಿ ನೋಡಿದರೆ ಮಗುವಿನ ದಿನ ಹೇಗಿತ್ತು ಅಂತ ಗೊತ್ತಾಗುತ್ತದೆ.

ಮೈಸೂರಿನಿಂದ

ಎರಡೇ ಮಾತು. ಜೂನ್‌ಗೆ ಮೊದಲು ಕಣ್ಣು ತೋರಿಸಿ. ನನ್ನ ಮಗ ಬೋರ್ಡಿನಿಂದ ತಪ್ಪು ತಪ್ಪು ಬರೆದುಕೊಂಡು ಬರುತ್ತಿದ್ದ, ಗಮನ ಇಲ್ಲ ಅಂತ ಬೈದೆ. ಕನ್ನಡಕ ಬಂದ ದಿನ ದಾರಿಯಲ್ಲಿ ಮರ ನೋಡಿ "ಅಮ್ಮ, ಎಲೆ ಬೇರೆ ಬೇರೆ ಕಾಣುತ್ತದೆ" ಅಂದ. ಬೈದಿದ್ದಕ್ಕೆ ಇವತ್ತಿಗೂ ಸಂಕಟ ಆಗುತ್ತದೆ. ಎರಡನೆಯದು ಹಲ್ಲು. ಆರು ವರ್ಷದ ಆಸುಪಾಸು ಹಾಲುಹಲ್ಲುಗಳ ಹಿಂದೆ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದೂ ಹಾಲುಹಲ್ಲು ಅಂದುಕೊಳ್ಳುತ್ತೇವೆ. ಅಲ್ಲ, ಅದು ಶಾಶ್ವತ ಹಲ್ಲು. ಹುಳುಕಾದರೆ ಇನ್ನೊಂದು ಬರುವುದಿಲ್ಲ. ಸರ್ಕಾರಿ ಶಾಲೆಯಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ನೋಡುತ್ತದೆ. ಖಾಸಗಿ ಶಾಲೆಯಾದರೆ ನೀವೇ ಕರೆದುಕೊಂಡು ಹೋಗಿ.

ದಾವಣಗೆರೆಯ ತಾಯಿ (ಮತ್ತೆ)

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಮನಸ್ಸು ಹಗುರಾಯಿತು. ನಿನ್ನೆ ರಾತ್ರಿ ಬೆರಳಿಟ್ಟು ನೋಡಿದೆ. ಪುಣ್ಯಕ್ಕೆ ಬಾಯಿಪಾಠ ಅಲ್ಲ, ನಿಜವಾಗಿಯೇ ಓದುತ್ತಾಳೆ. ಅಪ್ಪ, ಅಜ್ಜ ಬಂದರೆ ನಿಲ್ಲುವುದಿಲ್ಲ. ಮೇಡಂ ಹೇಳಿದ ಹಾಗೆ ಹತ್ತು, ಅನ್ನ, ಹಲ್ಲು ಬಂದಾಗ ನಿಂತಳು. ಒಂದು ಕೇಳಬೇಕಿತ್ತು. ಹೋದ ವರ್ಷ ಕೊನೆಕೊನೆಗೆ ಬೆಳಿಗ್ಗೆ ಹೊಟ್ಟೆ ನೋವು ಅನ್ನುತ್ತಿದ್ದಳು. ಶಾಲೆಗೆ ಹೋದ ಮೇಲೆ ಸರಿ ಹೋಗುತ್ತಿತ್ತು. ಸೋಗು ಅಂದುಕೊಂಡು ಕಳಿಸುತ್ತಿದ್ದೆ. ಸರಿ ಮಾಡಿದೆನಾ?

ಧಾರವಾಡದಿಂದ, ಮೊಮ್ಮಗನನ್ನು ನೋಡಿಕೊಳ್ಳುವ ಅಜ್ಜಿ

ತಂಗಿ, ಸೋಗು ಅಂತ ಬಿಡಬೇಡ. ಡಾಕ್ಟರಿಗೆ ಒಮ್ಮೆ ತೋರಿಸು. ಅವರು ಏನೂ ಇಲ್ಲ ಅಂದರೂ ಮಗುವಿನ ನೋವು ಸುಳ್ಳಲ್ಲ. ಹೆದರಿಕೆ ಇದ್ದರೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ನಮ್ಮ ಮೊಮ್ಮಗನಿಗೆ ವಾರದಲ್ಲಿ ಎರಡೇ ದಿನ ಹೊಟ್ಟೆ ನೋವು, ಮಂಗಳವಾರ ಮತ್ತು ಶುಕ್ರವಾರ. ಮೂರು ವಾರ ನೋಡಿ ಟೈಮ್ ಟೇಬಲ್ ತೆಗೆದೆ. ಎರಡೂ ದಿನ ಮೊದಲ ಪೀರಿಯಡ್ ಉಕ್ತಲೇಖನ. ಐದು ತಪ್ಪಾದರೆ ಎಬ್ಬಿಸಿ ನಿಲ್ಲಿಸುತ್ತಿದ್ದರಂತೆ. ಮಗ, ಸೊಸೆ ಇಬ್ಬರಿಗೂ ಹೇಳಿರಲಿಲ್ಲ. ರಾತ್ರಿ ಎಣ್ಣೆ ಹಚ್ಚುತ್ತಾ ಕೇಳಿದಾಗ ನನಗೆ ಹೇಳಿದ. ಸೊಸೆ ಹೋಗಿ ಆ ಟೀಚರ್ ಹತ್ತಿರ ಶಾಂತವಾಗಿ ಮಾತಾಡಿದಳು. ಅವರು ಒಳ್ಳೆಯವರೇ, ಹುಡುಗ ಇಷ್ಟು ಅಂಜಿದ್ದಾನೆ ಅಂತ ಅವರಿಗೆ ಗೊತ್ತಿರಲಿಲ್ಲ. ನಿಲ್ಲಿಸುವುದು ನಿಂತಿತು, ನೋವೂ ಹೋಯಿತು. ಶಾಲೆಯಿಂದ ಬಂದ ತಕ್ಷಣ "ಇವತ್ತು ಏನು ಕಲಿತೆ" ಅಂತ ಕೇಳಬೇಡ. "ಏನೂ ಇಲ್ಲ" ಅನ್ನುತ್ತವೆ. ಕೈಕಾಲು ತೊಳೆದು, ಏನಾದರೂ ತಿಂದು, ಕತ್ತಲಾದ ಮೇಲೆ ಮಲಗುವಾಗ ಕೇಳು. ಆಗ ಬಾಯಿ ಬಿಡುತ್ತವೆ.

ಕಳೆಯುವ ಲೆಕ್ಕಕ್ಕೂ ಒಂದು ಹೇಳುತ್ತೇನೆ. ನಾನು ಇವನನ್ನು ಸಂತೆಗೆ ಕರೆದುಕೊಂಡು ಹೋಗುತ್ತೇನೆ. ಐವತ್ತು ರೂಪಾಯಿ ಕೈಯಲ್ಲಿ ಕೊಟ್ಟು, ಮೂವತ್ತೆರಡು ರೂಪಾಯಿಗೆ ಉಳ್ಳಾಗಡ್ಡಿ ತಗೊಂಡರೆ ವಾಪಸ್ ಎಷ್ಟು ಬರಬೇಕು ಅನ್ನುತ್ತೇನೆ. ಬೆರಳು ಮಡಚುತ್ತಾನೆ. ಅಂಗಡಿಯವ ಕಾಯುತ್ತಾನೆ, ಪಾಪ. ಹದಿನೆಂಟು ಅನ್ನುವ ತನಕ ನಾನೂ ಕಾಯುತ್ತೇನೆ.

ಹಾಸನದ ಶಿಕ್ಷಕಿ (ಮತ್ತೆ)

ಅಜ್ಜಿ ಹೇಳಿದ ಸಂತೆ ಲೆಕ್ಕ ತುಂಬಾ ಚೆನ್ನಾಗಿದೆ, ಶಾಲೆ ಶುರುವಾದ ಕೂಡಲೇ ಕ್ಲಾಸಿನಲ್ಲಿ ಅಂಗಡಿ ಆಟ ಆಡಿಸುತ್ತೇನೆ.

ದಾವಣಗೆರೆಯವರಿಗೆ ಇನ್ನೊಂದು ವಿಷಯ. ದಸರಾ ರಜೆ ಮುಗಿಸಿ ಬರುವಾಗ ಮಕ್ಕಳು ಕಲಿತದ್ದು ಅರ್ಧ ಮರೆತಿರುತ್ತಾರೆ. ಗಾಬರಿ ಆಗಬೇಡಿ, ಎರಡು ಮೂರು ವಾರದಲ್ಲಿ ತಿರುಗಿ ಬರುತ್ತದೆ. ಅಕ್ಷರ ಜೋಡಿಸಿ ಜೋಡಿಸಿ ಓದುವ ಮಗು ಒಂದೇ ಸಲಕ್ಕೆ ಪದ ಹಿಡಿಯುವುದು ಜಾಸ್ತಿ ಸಂಕ್ರಾಂತಿ ಆಸುಪಾಸು, ನನ್ನ ಕ್ಲಾಸಿನಲ್ಲಿ ನಾನು ಕಂಡ ಹಾಗೆ. ಬ-ಭ, ದ-ಧ ಅದಲು ಬದಲಾಗುವುದು, ಇಂಗ್ಲಿಷಿನ ಬಿ, ಡಿ ತಿರುಗಿ ಬರೆಯುವುದು ಈ ವಯಸ್ಸಿಗೆ ಸಾಮಾನ್ಯ. ಆದರೆ ವರ್ಷ ಮುಗಿಯುವಾಗಲೂ ಕಾಗುಣಿತದ ಚಿಕ್ಕ ಪದ ಓದಲು ಒದ್ದಾಡಿದರೆ, ನಿನ್ನೆ ಓದಿದ ಪದ ಇವತ್ತು ಪೂರ್ತಿ ಹೊಸದಾಗಿ ಕಂಡರೆ, ಟೀಚರ್ ಹತ್ತಿರ ಮಾತಾಡಿ. ಬೇಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಲಿಕೆಯ ತೊಂದರೆ ಪರೀಕ್ಷೆ ಮಾಡುತ್ತಾರೆ. ಬೇಗ ಗೊತ್ತಾದಷ್ಟೂ ಮಗುವಿಗೆ ಬೈಗುಳ ಕಡಿಮೆ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ಮಗಳಿಗೆ ಅದು ಬೇಕಾಗುವ ಹಾಗೆ ಕಾಣುವುದಿಲ್ಲ.

ದಾವಣಗೆರೆಯ ತಾಯಿ

ಟ್ಯೂಷನ್ ಬೇಡ ಅಂತ ಇಬ್ಬರೂ ಮಾತಾಡಿಕೊಂಡೆವು. ಓದುವ ಹತ್ತು ನಿಮಿಷ ನನ್ನದು, ಲೆಕ್ಕ ಅವರದು. ನಾಳೆ ಸಂಜೆ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಹೊಟ್ಟೆ ನೋವಿನ ಬಗ್ಗೆ ರಾತ್ರಿ ಮಲಗುವಾಗ ಕೇಳಿದೆ ಅಜ್ಜಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ವ್ಯಾನಿನಲ್ಲಿ ದೊಡ್ಡ ಹುಡುಗರು ಕಿಟಕಿ ಪಕ್ಕ ಕೂರಲು ಬಿಡುವುದಿಲ್ಲ, ವಾಂತಿ ಬಂದ ಹಾಗೆ ಆಗುತ್ತದೆ ಅಂದಳು. ಇಷ್ಟು ದಿನ ಹೇಳಿರಲಿಲ್ಲ. ವ್ಯಾನ್ ಡ್ರೈವರ್ ಅಣ್ಣನಿಗೆ ಫೋನ್ ಮಾಡಿದೆ. ಜೂನ್‌ನಿಂದ ಮುಂದಿನ ಸೀಟು, ಕಿಟಕಿ ಪಕ್ಕ ಕೂರಿಸುತ್ತೇನೆ ಅಂದಿದ್ದಾರೆ. ಪೊರಕೆ ಕಡ್ಡಿ ಕಟ್ಟುಗಳನ್ನು ಇವತ್ತು ಮೂವರೂ ಕೂತು ಕಟ್ಟಿದೆವು. ಹತ್ತು ಕಟ್ಟು ಆಗಿದೆ.